ಸೇವಾಯಾತ್ರೆಗೆ ಹೊರಟ ಮಕ್ಕಳು: ಒಂದು ದೈವಶಾಸ್ತ್ರೀಯ ವಿಮರ್ಶೆ

ತಪಸ್ಸುಕಾಲ ಸಮೀಪಿಸಿತೆಂದರೆ ನಮ್ಮ ನಗರದ ಧರ್ಮಕೇಂದ್ರಗಳಲ್ಲಿ ಜ್ಞಾನೋಪದೇಶದ ಮಕ್ಕಳಿಗಾಗಿ ಸೇವಾಯಾತ್ರೆಯ ಏರ್ಪಾಡು ಆರಂಭವಾಗುತ್ತದೆ. ಹತ್ತರಿಂದ ಹನ್ನೆರಡು ವರ್ಷದ, ಪ್ರಥಮ ಪರಮಪ್ರಸಾದ ಸ್ವೀಕರಿಸಿ ದೃಢೀಕರಣ ಸಂಸ್ಕಾರಕ್ಕೆ ಇನ್ನೂ ಕಾದಿರುವ ಮಕ್ಕಳು ಇವರು. ಅಕ್ಕಿ, ಬೇಳೆ, ಸೋಪು, ಬಳಸಿದ ಬಟ್ಟೆ, ಬಿಸ್ಕತ್ತಿನ ಪೊಟ್ಟಣಗಳನ್ನು ಬಸ್ಸಿಗೆ ತುಂಬಿ, ಮಕ್ಕಳ ನಿಲಯಕ್ಕೋ ವೃದ್ಧಾಶ್ರಮಕ್ಕೋ ಕುಷ್ಠರೋಗದಿಂದ ಗುಣಹೊಂದಿದವರ ಕಾಲೊನಿಗೋ ಇವರನ್ನು ಕರೆದೊಯ್ಯುತ್ತೇವೆ. ಅಲ್ಲಿ ಎರಡು ಹಾಡು, ಒಂದು ಕಿರುನಾಟಕ, ಸಾಮಗ್ರಿ ವಿತರಣೆ, ಒಂದು ಸಾಮೂಹಿಕ ಛಾಯಾಚಿತ್ರ. ಸಂಜೆಯೊಳಗೆ ಮಕ್ಕಳು ಮನೆ ಸೇರುತ್ತಾರೆ. ಮುಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಯಾಗಿ ಸಭೆ ಚಪ್ಪಾಳೆ ತಟ್ಟುತ್ತದೆ.

ಸಹಾಯಕ ಗುರುವಾಗಿದ್ದ ವರ್ಷಗಳಲ್ಲಿ ಇಂಥ ಯಾತ್ರೆಗಳನ್ನು ನಾನೂ ಮುನ್ನಡೆಸಿದ್ದೇನೆ. ಆದ್ದರಿಂದ ಈ ವಿಮರ್ಶೆಯ ಮೊದಲ ಗುರಿ ನಾನೇ. ಅಂಥ ಒಂದು ಯಾತ್ರೆಯಲ್ಲಿ ನಮ್ಮ ಬಸ್ಸು ಒಂದು ಮಕ್ಕಳ ನಿಲಯದ ಅಂಗಳದಲ್ಲಿ ನಿಂತಾಗ, ಅಲ್ಲಿನ ಸುಮಾರು ಹನ್ನೊಂದು ವರ್ಷದ ಹುಡುಗನೊಬ್ಬ ಮೊದಲು ಇಳಿದ ನಮ್ಮ ಹುಡುಗನನ್ನು ಕೇಳಿದ: “ಇವತ್ತು ಯಾರ ಹುಟ್ಟುಹಬ್ಬ?” ನಮ್ಮ ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಬ್ಬ ವಿವರಿಸಿದ: “ಹುಟ್ಟುಹಬ್ಬ ಅಲ್ಲದಿದ್ದರೆ ತಿಥಿ ಇರಬೇಕು. ಅದಕ್ಕೇ ತಾನೆ ಎಲ್ಲರೂ ಬರೋದು?” ಆ ಮಾತಿನಲ್ಲಿ ಕಹಿ ಇರಲಿಲ್ಲ. ಅವರು ತಮ್ಮ ಲೋಕವನ್ನು ಇದ್ದಂತೆ ವರ್ಣಿಸುತ್ತಿದ್ದರು. ಹುಟ್ಟುಹಬ್ಬದವರು ಸಿಹಿ ತರುತ್ತಾರೆ, ತಿಥಿಯವರು ಊಟ ಹಾಕಿಸುತ್ತಾರೆ, ತಪಸ್ಸುಕಾಲದವರು ಸೋಪು ತರುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಸಾಲಾಗಿ ನಿಂತು ಕೃತಜ್ಞತೆಯ ಹಾಡು ಹಾಡಬೇಕು. ಕೊಡುವವರ ಅಗತ್ಯ ಪೂರೈಸಲು ಆ ಮಕ್ಕಳು ದುಡಿಯುತ್ತಿದ್ದರು. ಸೇವೆ ಮಾಡುತ್ತಿದ್ದವರು ವಾಸ್ತವದಲ್ಲಿ ಅವರೇ.

ಈ ಯಾತ್ರೆಗಳನ್ನು ನಿಲ್ಲಿಸಬೇಕೆಂಬುದು ಈ ಲೇಖನದ ವಾದವಲ್ಲ. ಈಗಿನ ರೂಪದಲ್ಲಿ ಅವು ಮಕ್ಕಳಿಗೆ ಒಂದು ದೈವಶಾಸ್ತ್ರವನ್ನು ಕಲಿಸುತ್ತವೆ, ಅದು ನಾವು ತರಗತಿಯಲ್ಲಿ ಕಲಿಸುವ ದೈವಶಾಸ್ತ್ರಕ್ಕೆ ವಿರುದ್ಧವಾಗಿದೆ, ಮತ್ತು ಮಕ್ಕಳು ನಂಬುವುದು ತರಗತಿಯನ್ನಲ್ಲ, ಯಾತ್ರೆಯನ್ನು ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

1. ಪರಂಪರೆಯ ಎರಡು ದಡಗಳು

ಮಕ್ಕಳನ್ನು ಪ್ರೇಷಿತ ಕಾರ್ಯದಲ್ಲಿ ತೊಡಗಿಸುವ ಕಲ್ಪನೆ ಹೊಸದೇನಲ್ಲ. ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬಿನ್-ಜಾನ್ಸನ್ 1843ರಲ್ಲಿ ಪವಿತ್ರ ಬಾಲ್ಯದ ಸಂಘವನ್ನು ಸ್ಥಾಪಿಸಿದರು. ಚೀನಾದಲ್ಲಿ ಪರಿತ್ಯಕ್ತರಾದ ಶಿಶುಗಳ ಸುದ್ದಿ ಅವರನ್ನು ಕಲಕಿತ್ತು. 1822ರಲ್ಲಿ ಲಿಯೋನಿನಲ್ಲಿ ವಿಶ್ವಾಸ ಪ್ರಸಾರ ಸಂಘವನ್ನು ಆರಂಭಿಸಿದ್ದ ಪೋಲಿನ್ ಜಾರಿಕೋ ಅವರೊಂದಿಗೆ ನಡೆದ ಮಾತುಕತೆಯಿಂದ ಈ ಯೋಜನೆ ರೂಪುಗೊಂಡಿತು. ಮಕ್ಕಳು ಮಾಡಬೇಕಾದದ್ದು ಎರಡೇ: ದಿನಕ್ಕೊಂದು ನಮೋ ಮರಿಯಾ ಪ್ರಾರ್ಥನೆ, ತಿಂಗಳಿಗೊಂದು ಸೂ ನಾಣ್ಯ. 1922ರಲ್ಲಿ ಈ ಸಂಘ ಪರಮಾಧಿಕಾರ ಪೀಠದ ನೇರ ಆಶ್ರಯಕ್ಕೆ ಬಂತು.

ಇಂದಿನ ಕಣ್ಣಿನಿಂದ ನೋಡಿದರೆ ಆ ಕಲ್ಪನೆಯಲ್ಲಿ ದೋಷಗಳು ಕಾಣುತ್ತವೆ. ದೂರದ ಮಗು ಅಲ್ಲಿ ರಕ್ಷಿಸಬೇಕಾದ ವಸ್ತುವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಆದರೂ ಆ ಹಳೆಯ ಏರ್ಪಾಡಿನಲ್ಲಿ ಎರಡು ಸದ್ಗುಣಗಳಿದ್ದವು. ನಮ್ಮ ಬಸ್ಸಿನಲ್ಲಿ ಅವೆರಡೂ ಇಲ್ಲ. ಮೊದಲನೆಯದು, ಅಲ್ಲಿ ಕೊಡುತ್ತಿದ್ದದ್ದು ಮಗುವಿನ ಸ್ವಂತದ ಅಲ್ಪ ವಸ್ತು, ತಂದೆ ಅಂಗಡಿಯಿಂದ ತಂದುಕೊಟ್ಟ ಅಕ್ಕಿಯ ಚೀಲವಲ್ಲ. ಎರಡನೆಯದು, ಅದು ದಿನವೂ ನಡೆಯುತ್ತಿತ್ತು. ಫೋರ್ಬಿನ್-ಜಾನ್ಸನರ ಮಗು ವರ್ಷಕ್ಕೆ ಮುನ್ನೂರ ಅರವತ್ತೈದು ಬಾರಿ ಒಬ್ಬ ಅಪರಿಚಿತ ಮಗುವನ್ನು ದೇವರ ಮುಂದೆ ನೆನೆಯುತ್ತಿತ್ತು. ನಮ್ಮ ಮಗು ಒಂದು ಶನಿವಾರ ನೆನೆಯುತ್ತದೆ.

ಈ ಇತಿಹಾಸದಲ್ಲಿ ನಾವು ಮರೆತಿರುವ ಇನ್ನೊಂದು ದಡವಿದೆ. ಧಾತು-ಈಶ್ವರ ಸಂವತ್ಸರಗಳ ಬರವೆಂದು ಜನರ ನೆನಪಿನಲ್ಲುಳಿದ 1876–78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಬರಿದು ಮಾಡಿದಾಗ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಫ್ರೆಂಚ್ ಗುರುಗಳೂ ಕನ್ಯಾಸ್ತ್ರೀಯರೂ ಸಾಕಿದರು. ಬೆಂಗಳೂರು ಸುತ್ತಿನ ಸಿಲುವೆಪುರ, ಮರಿಯಾಪುರಗಳು ಆ ಕ್ಷಾಮದ ಅನಾಥರಿಗಾಗಿ ಬೇಸಾಯದ ಭೂಮಿಯೊಡನೆ ನೆಲೆಗೊಂಡ ಊರುಗಳು. ಎಂದರೆ, ಇಂದು ಬಸ್ಸು ಹತ್ತಿ ಅನಾಥರನ್ನು ನೋಡಲು ಹೊರಡುವ ನಮ್ಮ ಸಭೆಗಳಲ್ಲಿ ಕೆಲವು ಕುಟುಂಬಗಳ ಮುತ್ತಜ್ಜಂದಿರು ಸ್ವತಃ ಆ ಅಂಗಳದಲ್ಲಿ ನಿಂತ ಅನಾಥರು. ಇಸ್ರಯೇಲರಿಗೆ ಧರ್ಮಶಾಸ್ತ್ರವು ಪರದೇಶಿಯನ್ನು ಪ್ರೀತಿಸಲು ಹೇಳಿದಾಗ ಕೊಟ್ಟ ಕಾರಣ ಅವರ ಔದಾರ್ಯವಲ್ಲ, ಈಜಿಪ್ಟಿನಲ್ಲಿ ಅವರೂ ಪರದೇಶಿಗಳಾಗಿದ್ದರೆಂಬ ನೆನಪು. ಆ ನೆನಪು ಅಳಿದಲ್ಲಿ ಸೇವೆ ದರ್ಪವಾಗಲು ತಡವಾಗುವುದಿಲ್ಲ. ಯಾತ್ರೆಗೆ ಮುನ್ನ ಮಕ್ಕಳಿಗೆ ನಾವು ಹೇಳಬೇಕಾದ ಮೊದಲ ಕತೆ ಇದೇ: ಒಂದು ಕಾಲದಲ್ಲಿ ತಟ್ಟೆ ಹಿಡಿದು ನಿಂತವರು ನಮ್ಮವರು.

2. ಮಗುವಿನ ಮನಸ್ಸಿನಲ್ಲಿ ಮೂಡುವ ದೇವರು

ಮೇಲೆ ಹೇಳಿದ ಯಾತ್ರೆಯ ಮರುವಾರ ಮಕ್ಕಳಿಗೆ ತಮ್ಮ ಅನುಭವವನ್ನು ಬರೆಯಲು ಹೇಳಿದ್ದೆ. ಪ್ರತಿದಿನ ಬಲಿಪೂಜೆಗೆ ಬರುತ್ತಿದ್ದ, ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: “ಅಲ್ಲಿನ ಮಕ್ಕಳಿಗೆ ಅಪ್ಪ ಅಮ್ಮ ಇಲ್ಲ. ದೇವರು ನನಗೆ ಒಳ್ಳೆಯ ಅಪ್ಪ ಅಮ್ಮನನ್ನು ಕೊಟ್ಟಿದ್ದಾರೆ. ಏಕೆಂದರೆ ನಾನು ದಿನಾ ಪ್ರಾರ್ಥನೆ ಮಾಡುತ್ತೇನೆ.” ಕೆಂಪು ಶಾಯಿಯ ಲೇಖನಿ ಹಿಡಿದು ಬಹಳ ಹೊತ್ತು ಕುಳಿತೆ. ತಿದ್ದಬೇಕಾದ ತಪ್ಪು ಅವಳದಾಗಿರಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಧ್ವನಿವರ್ಧಕ ಹಿಡಿದು, “ದೇವರು ನಿಮಗೆ ಎಷ್ಟೆಲ್ಲ ಕೊಟ್ಟಿದ್ದಾರೆ ನೋಡಿದಿರಾ? ಕೃತಜ್ಞರಾಗಿರಿ” ಎಂದವನು ನಾನೇ. ಅವಳು ನನ್ನ ವಾಕ್ಯವನ್ನು ತರ್ಕಬದ್ಧವಾಗಿ ಪೂರ್ಣಗೊಳಿಸಿದ್ದಳು, ಅಷ್ಟೆ. ದೇವರು ನಮಗೆ ಕೊಟ್ಟರೆಂದಾದರೆ, ಅವರಿಗೆ ಕೊಡಲಿಲ್ಲವೆಂದಾಯಿತು. ಕೊಡಲಿಲ್ಲವೆಂದಾದರೆ ಅದಕ್ಕೊಂದು ಕಾರಣವಿರಲೇಬೇಕು.

ಅಮೆರಿಕದ ಮೆಥೊಡಿಸ್ಟ್ ದೈವಶಾಸ್ತ್ರಜ್ಞ ಜೇಮ್ಸ್ ಫೌಲರ್ 1981ರಲ್ಲಿ ಪ್ರಕಟಿಸಿದ ವಿಶ್ವಾಸದ ಹಂತಗಳ ಅಧ್ಯಯನವು ಈ ವಯಸ್ಸಿನ ವಿಶ್ವಾಸವನ್ನು ಪುರಾಣ-ಅಕ್ಷರಶಃ ಹಂತವೆಂದು ಕರೆಯುತ್ತದೆ. ಈ ಹಂತದ ಮಗು ಲೋಕವನ್ನು ಕತೆಗಳ ಮೂಲಕ, ಕತೆಗಳನ್ನು ಅಕ್ಷರಶಃ ಅರ್ಥದಲ್ಲಿ ಗ್ರಹಿಸುತ್ತದೆ. ಕೊಡುಕೊಳ್ಳುವ ನ್ಯಾಯ ಅದರ ನೀತಿಯ ತಿರುಳು: ಒಳ್ಳೆಯದಕ್ಕೆ ಬಹುಮಾನ, ಕೆಟ್ಟದ್ದಕ್ಕೆ ದಂಡನೆ, ದೇವರು ಪಕ್ಷಪಾತವಿಲ್ಲದ ಲೆಕ್ಕಿಗ. ಫೌಲರರ ಹಂತಗಳ ಕ್ರಮ ಎಲ್ಲ ಸಂಸ್ಕೃತಿಗಳಿಗೂ ಒಂದೇ ರೀತಿ ಅನ್ವಯಿಸುತ್ತದೆಯೇ ಎಂದು ಪ್ರಶ್ನಿಸಬಹುದು. ಆದರೆ ಹತ್ತು ಹನ್ನೆರಡರ ಮಕ್ಕಳಿಗೆ ಪಾಠ ಹೇಳಿದ ಯಾವ ಗುರುವೂ ಈ ವರ್ಣನೆಯಲ್ಲಿ ತನ್ನ ತರಗತಿಯನ್ನು ಗುರುತಿಸದೆ ಇರಲಾರ.

ಇಂಥ ಮನಸ್ಸನ್ನು ಸಿದ್ಧತೆಯಿಲ್ಲದೆ ಬಡತನದ ಎದುರು ನಿಲ್ಲಿಸಿ, ಕೃತಜ್ಞತೆಯ ಉಪದೇಶ ಮಾಡಿದರೆ ಫಲಿಸುವುದು ಯೋಬನ ಸ್ನೇಹಿತರ ದೈವಶಾಸ್ತ್ರ. ನಮ್ಮ ನಾಡಿನಲ್ಲಿ ಇದರ ಅಪಾಯ ಇಮ್ಮಡಿ. ಹಿಂದಿನ ಜನ್ಮದ ಕರ್ಮ, ಹಣೆಬರಹ, ಪಡೆದು ಬಂದದ್ದು ಎಂಬ ಮಾತುಗಳು ನಮ್ಮ ಮಕ್ಕಳ ಕಿವಿಗೆ ದಿನವೂ ಬೀಳುತ್ತವೆ. ನಮ್ಮ ಉಪದೇಶ ಅವುಗಳ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತದೆ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ, ಪ್ರಭು ಆ ಪ್ರಶ್ನೆಯ ಎರಡು ಆಯ್ಕೆಗಳನ್ನೂ ನಿರಾಕರಿಸಿದರೆಂದು ಯೊವಾನ್ನನ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಸಿಲೋವದ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ಅವರೇ ಹೇಳುತ್ತಾರೆ. ಯಾತ್ರೆಗೆ ಮುಂಚಿನ ತರಗತಿಗಳಲ್ಲಿ ಓದಿಸಬೇಕಾದ ಭಾಗಗಳು ಇವು. ನಾವಾದರೋ ಸಾಮಾನ್ಯವಾಗಿ ಆ ತರಗತಿಗಳನ್ನು ಕಿರುನಾಟಕದ ಅಭ್ಯಾಸಕ್ಕೆ ಬಿಟ್ಟುಕೊಡುತ್ತೇವೆ.

ಕೃತಜ್ಞತೆ ಕ್ರೈಸ್ತ ಸದ್ಗುಣವೇ ಹೌದು. ಪರಮಪ್ರಸಾದ ಎಂಬುದರ ಗ್ರೀಕ್ ಮೂಲದ ಹೆಸರೇ ಕೃತಜ್ಞತಾ ಸ್ತುತಿ. ಆದರೆ ಪರಮಪ್ರಸಾದದ ಕೃತಜ್ಞತೆ ಮುರಿದು ಹಂಚಿದ ರೊಟ್ಟಿಗಾಗಿ ಸಲ್ಲುವಂಥದ್ದು. ಇನ್ನೊಬ್ಬನ ತಟ್ಟೆಯಲ್ಲಿ ಇಲ್ಲದ್ದು ನನ್ನ ತಟ್ಟೆಯಲ್ಲಿ ಇದೆಯೆಂದು ದೇವರಿಗೆ ಸಲ್ಲಿಸುವ ವಂದನೆಯನ್ನು ಶುಭಸಂದೇಶ ಬಲ್ಲದು. ಅದು ದೇವಾಲಯದಲ್ಲಿ ಮುಂದೆ ನಿಂತು ತಾನು ಇತರರಂತಿಲ್ಲವೆಂದು ದೇವರಿಗೆ ಕೃತಜ್ಞತೆ ಹೇಳಿದ ಫರಿಸಾಯನ ಪ್ರಾರ್ಥನೆ.

3. ಇಲಿಚ್ ಎತ್ತಿದ ಆಕ್ಷೇಪ

ಸೇವಾಯಾತ್ರೆಗಳ ಮೇಲಿನ ಅತಿ ಕಟುವಾದ ಕ್ರೈಸ್ತ ವಿಮರ್ಶೆ ಇವಾನ್ ಇಲಿಚ್ ಅವರದು. ಆಗಿನ್ನೂ ಸಕ್ರಿಯ ಗುರುವಾಗಿದ್ದ ಅವರು 1968ರ ಏಪ್ರಿಲ್‌ನಲ್ಲಿ, ಬೇಸಿಗೆಯ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸಹಾಯಕ್ಕೆಂದು ಹೋಗಲಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯೆದುರೇ ಅವರ ಸದುದ್ದೇಶವನ್ನು ಖಂಡಿಸಿದರು. ನೀವು ಹಳ್ಳಿಯವರ ಮೇಲೆ ನಿಮ್ಮನ್ನು ಹೇರಿಕೊಳ್ಳುತ್ತೀರಿ, ಅವರು ನಿಮ್ಮನ್ನು ನಿರಾಕರಿಸಲಾರರು, ನಿಮ್ಮ ಒಳ್ಳೆಯತನದ ಬೆಲೆಯನ್ನು ಅವರೇ ತೆರುತ್ತಾರೆ ಎಂಬುದು ಅವರ ವಾದದ ಸಾರ. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದಲ್ಲಿ ಅವರು ಮಾತು ಮುಗಿಸಿದರು.

ಆ ಆಕ್ಷೇಪದ ಬಹುಪಾಲು ನಮಗೂ ಸಲ್ಲುತ್ತದೆ. ನಿಲಯದ ಹುಡುಗ ನಮ್ಮ ಬಸ್ಸನ್ನು ಬೇಡವೆನ್ನಲಾರ. ಪರೀಕ್ಷೆಯ ಹಿಂದಿನ ದಿನವಾದರೂ ಅವನು ಸಾಲಿನಲ್ಲಿ ನಿಂತು ಹಾಡಲೇಬೇಕು. ಆದರೂ ಎರಡು ಅಂಶಗಳಲ್ಲಿ ಇಲಿಚರನ್ನು ನಾನು ಒಪ್ಪಲಾರೆ.

ಮೊದಲನೆಯದಾಗಿ, ಅವರು ಮಾತನಾಡಿದ್ದು ಭಾಷೆ ಬಾರದ ಪರದೇಶಕ್ಕೆ ಹೋಗುವ ಯುವಜನರನ್ನು ಕುರಿತು. ನಮ್ಮ ಮಕ್ಕಳು ಹೋಗುವುದು ಇಪ್ಪತ್ತು ಮೂವತ್ತು ಕಿಲೋಮೀಟರು ದೂರಕ್ಕೆ, ತಮ್ಮದೇ ಭಾಷೆಯ ಮಕ್ಕಳ ಬಳಿಗೆ. ಇಲ್ಲಿನ ಅಂತರ ಜಾತಿಯದು, ವರ್ಗದ್ದು, ಶಾಲಾ ಶುಲ್ಕದ್ದು. ಅವು ನಾವೇ ಎಬ್ಬಿಸಿ ಕಾಪಾಡಿಕೊಂಡು ಬಂದಿರುವ ಗೋಡೆಗಳು. ಪರದೇಶಿಗೆ ಮನೆಯಲ್ಲೇ ಇರು ಎನ್ನಬಹುದು. ನೆರೆಯವನಿಗೆ ಹಾಗೆನ್ನುವುದೆಂದರೆ ಗೋಡೆ ಹಾಗೆಯೇ ಇರಲಿ ಎಂದಂತೆ.

ಎರಡನೆಯದಾಗಿ, ಕಲಿಯಲು ಮಾತ್ರ ಬನ್ನಿ ಎಂಬ ಸಲಹೆಯೂ ನಿರಪಾಯಕಾರಿಯಲ್ಲ. ಬಡವನು ನನ್ನ ಪಾಠಪುಸ್ತಕವಾದರೆ ಅವನು ಮತ್ತೊಮ್ಮೆ ನನ್ನ ಉಪಯೋಗಕ್ಕೆ ಒದಗಿದ ವಸ್ತುವೇ. ಜಗದ್ಗುರು ಫ್ರಾನ್ಸಿಸ್ ತಮ್ಮ 2013ರ ಪ್ರೇಷಿತ ಪ್ರಬೋಧನೆ ಇವಾಂಜೆಲಿ ಗೌದಿಯುಮ್‌ನ 198ನೆಯ ಪರಿಚ್ಛೇದದಲ್ಲಿ, ಬಡವರಿಂದ ಕಲಿಯುವುದು ಬಹಳವಿದೆ, ಅವರಿಂದ ನಾವು ಶುಭಸಂದೇಶವನ್ನು ಸ್ವೀಕರಿಸಬೇಕು ಎನ್ನುತ್ತಾರೆ. ಆದರೆ ಮುಂದಿನ ಪರಿಚ್ಛೇದದಲ್ಲೇ ಅದಕ್ಕೆ ಅಡಿಪಾಯವನ್ನೂ ಹಾಕುತ್ತಾರೆ: ನಮ್ಮ ಬದ್ಧತೆ ಕಾರ್ಯಕ್ರಮಗಳಲ್ಲಿ ಮುಗಿಯುವಂಥದ್ದಲ್ಲ, ಇನ್ನೊಬ್ಬರನ್ನು ನಮ್ಮೊಂದಿಗೆ ಒಂದಾದವರೆಂದು ಕಾಣುವ ಪ್ರೀತಿಯ ಗಮನ ಅದಕ್ಕೆ ಬೇಕು. 2017ರಲ್ಲಿ ಮೊದಲ ಬಾರಿ ಆಚರಿಸಿದ ವಿಶ್ವ ಬಡವರ ದಿನದ ಸಂದೇಶದಲ್ಲಂತೂ, ಬಡವರನ್ನು ನಮ್ಮ ಅಪರೂಪದ ಸ್ವಯಂಸೇವೆಯ ಫಲಾನುಭವಿಗಳೆಂದು ಮಾತ್ರ ಭಾವಿಸಿ ಮನಸ್ಸಾಕ್ಷಿಯನ್ನು ತಣಿಸಿಕೊಳ್ಳುವ ಪ್ರವೃತ್ತಿಯನ್ನು ಅವರು ನೇರವಾಗಿಯೇ ಎಚ್ಚರಿಸಿದರು. ನಮಗೆ ಬೇಕಾಗಿರುವುದು ಸಹಾಯ ಮತ್ತು ಅಧ್ಯಯನ ಇವೆರಡನ್ನೂ ಮೀರಿದ ಒಂದು ಸಂಬಂಧ. ನಮ್ಮ ನಾಡಿನ ಶರಣರು ದಾಸೋಹವೆಂದು ಕರೆದ ಆದರ್ಶದಲ್ಲಿ ನೀಡುವವನೇ ದಾಸ. ಸ್ವೀಕರಿಸುವವನಲ್ಲಿ ಅವನು ತನ್ನ ಒಡೆಯನನ್ನು ಕಾಣುತ್ತಾನೆ. ಈ ವಿಷಯದಲ್ಲಿ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯಕ್ಕೂ ಶರಣರಿಗೂ ಇರುವ ಸಾಮೀಪ್ಯ ನಮ್ಮ ಗುರುಮಠಗಳಲ್ಲಿ ಇನ್ನೂ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದದ್ದು.

4. ಛಾಯಾಚಿತ್ರ ಮತ್ತು ಸಾಕ್ಷ್ಯ

ಯಾತ್ರೆಯ ಛಾಯಾಚಿತ್ರದ ಪ್ರಶ್ನೆಯನ್ನು ಕ್ಷುಲ್ಲಕವೆಂದು ಬದಿಗಿಡಲಾಗದು. ದಾನ ಮಾಡುವಾಗ ಎಡಗೈಗೂ ತಿಳಿಯದಂತಿರಬೇಕೆಂಬ ಪ್ರಭುವಿನ ಬೋಧನೆಯನ್ನು ನಾವು ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದೇ ಓದುತ್ತೇವೆ. ಕೆಲವೇ ವಾರಗಳಲ್ಲಿ ಧರ್ಮಕೇಂದ್ರದ ವಾಟ್ಸ್ಆ್ಯಪ್ ಗುಂಪಿನಲ್ಲಿ ನಮ್ಮ ಮಕ್ಕಳು ಬಿಸ್ಕತ್ತು ನೀಡುತ್ತಿರುವ, ಇನ್ನೊಬ್ಬರ ಮಕ್ಕಳು ಕೈಯೊಡ್ಡಿರುವ ಚಿತ್ರಗಳು ಹರಿದಾಡುತ್ತವೆ.

ಇದು ಕಾನೂನಿನ ವಿಷಯವೂ ಹೌದು. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತನ್ನು ಪ್ರಕಟಪಡಿಸುವುದನ್ನು ನಿಷೇಧಿಸುತ್ತದೆ. ಹೆಸರು, ವಿಳಾಸ, ಶಾಲೆಯಂತೆ ಚಿತ್ರವೂ ಅದರಲ್ಲಿ ಸೇರಿದೆ. ಉಲ್ಲಂಘನೆಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಕಾನೂನಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಸರಳ: ನಮ್ಮ ಮನೆಯ ಮಗು ಕೈಯೊಡ್ಡಿ ನಿಂತ ಚಿತ್ರವನ್ನು ಅಪರಿಚಿತರು ಹಂಚಿಕೊಳ್ಳಲು ನಾವು ಬಿಡುತ್ತೇವೆಯೇ? ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ತಮ್ಮ 2005ರ ವಿಶ್ವಪರಿಪತ್ರ ದೇವುಸ್ ಕಾರಿತಾಸ್ ಎಸ್ತ್‌ನ 34ನೆಯ ಪರಿಚ್ಛೇದದಲ್ಲಿ, ಕೊಡುಗೆ ಇನ್ನೊಬ್ಬರನ್ನು ಅವಮಾನಿಸದಿರಬೇಕಾದರೆ ಕೊಡುವವನು ತನ್ನನ್ನೇ ಕೊಡಬೇಕು, ಕೊಡುಗೆಯಲ್ಲಿ ತಾನೇ ಇರಬೇಕು ಎಂದು ವಿವರಿಸುತ್ತಾರೆ. ಚಿತ್ರ ತೆಗೆಯುವ ಗಳಿಗೆಯಲ್ಲಿ ನಾವು ಕೊಡುಗೆಯಲ್ಲಿರುವುದಿಲ್ಲ. ಆಗಲೇ ಮನೆಗೆ ಮರಳಿ, ನೋಡುವವರ ನಡುವೆ ಕುಳಿತಿರುತ್ತೇವೆ.

ಇದರೊಡನೆ ಹೆಣೆದುಕೊಂಡಿರುವ ಇನ್ನೊಂದು ಸಂಗತಿಯಿದೆ. ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದ ಮತಾಂತರ ಸಂಬಂಧಿ ಕಾಯ್ದೆ ಉಡುಗೊರೆಯನ್ನೂ ಆಮಿಷದ ವ್ಯಾಖ್ಯೆಯೊಳಗೆ ಸೇರಿಸಿತು. ಅದನ್ನು ಹಿಂಪಡೆಯುವ ನಿರ್ಧಾರವನ್ನು ಸಚಿವ ಸಂಪುಟ 2023ರಲ್ಲಿ ಕೈಗೊಂಡಿತಾದರೂ, ಕ್ರೈಸ್ತರ ಸೇವೆಯ ಹಿಂದೆ ಬಲೆಯಿದೆಯೆಂಬ ಶಂಕೆ ಸಮಾಜದಲ್ಲಿ ಉಳಿದಿದೆ. ಆ ಶಂಕೆಗೆ ಅಂಜಿ ಸೇವೆಯನ್ನು ಕೈಬಿಡಬೇಕಿಲ್ಲ. ಅದೇ ವಿಶ್ವಪರಿಪತ್ರದ 31ನೆಯ ಪರಿಚ್ಛೇದವು ಪ್ರೀತಿಯ ಸೇವೆ ಮತಪ್ರಸಾರದ ಸಾಧನವಾಗಕೂಡದೆಂದು ನಿಸ್ಸಂದಿಗ್ಧವಾಗಿ ಹೇಳಿದೆ. ಹಾಗಿರುವಾಗ ಹನ್ನೊಂದು ವರ್ಷದ ಮಗುವಿನ ಕೈಗೆ ಬಿಸ್ಕತ್ತಿನ ಪೊಟ್ಟಣದೊಡನೆ ಪ್ರಾರ್ಥನೆಯ ಚೀಟಿಯನ್ನೂ ಕೊಟ್ಟು ಹಂಚಲು ಕಳಿಸುವುದು ಎರಡು ಕಡೆಯ ಮಕ್ಕಳಿಗೂ ಮಾಡುವ ಅನ್ಯಾಯ. ನಮ್ಮ ಮಗು ಅರಿಯದ ವಿವಾದದೊಳಗೆ ಸಿಲುಕುತ್ತದೆ. ಅವರ ಮಗು ಹಸಿವಿಗೂ ವಿಶ್ವಾಸಕ್ಕೂ ನಂಟಿದೆಯೆಂದು ಕಲಿಯುತ್ತದೆ.

5. ಚೀಲವಿಲ್ಲದೆ ಹೋಗುವುದು

ಪವಿತ್ರ ಗ್ರಂಥದಲ್ಲಿ ಈ ವಯಸ್ಸಿನ ಮಕ್ಕಳ ಸೇವೆಗೆ ಮಾದರಿಗಳಿಲ್ಲವೇ? ಇವೆ, ಮತ್ತು ಅವು ನಮ್ಮ ರೂಢಿಗೆ ತದ್ವಿರುದ್ಧವಾಗಿವೆ.

ಪ್ರಭು ಎಪ್ಪತ್ತೆರಡು ಮಂದಿಯನ್ನು ಕಳುಹಿಸಿದಾಗ ಹಣದ ಚೀಲ, ಜೋಳಿಗೆ, ಪಾದರಕ್ಷೆಗಳನ್ನು ಒಯ್ಯಬಾರದೆಂದರು. ಒಂದೇ ಮನೆಯಲ್ಲಿ ತಂಗಿ, ಅವರು ಬಡಿಸಿದ್ದನ್ನು ಉಣ್ಣಬೇಕೆಂದರು. ಲೂಕನ ಹತ್ತನೆಯ ಅಧ್ಯಾಯದ ಈ ಸೂಚನೆಗಳನ್ನು ನಾವು ವೈರಾಗ್ಯದ ಪಾಠವಾಗಿ ಓದಿ ಮುಂದೆ ಸಾಗುತ್ತೇವೆ. ಅವುಗಳ ಒಳಾರ್ಥ ಬೇರೆಯೂ ಇದೆ: ಪ್ರೇಷಿತನು ಅತಿಥಿಯಾಗಿ ಹೋಗುತ್ತಾನೆ, ಆತಿಥ್ಯದ ಗೌರವ ಎದುರಿನವರದಾಗಿ ಉಳಿಯುತ್ತದೆ. ಸಮಾರಿಯದ ಬಾವಿಯ ಬಳಿ ಪ್ರಭುವೇ ಮೊದಲು ನೀರು ಕೇಳಿದರು.

ನಾಮಾನನ ಮನೆಯಲ್ಲಿದ್ದ ಇಸ್ರಯೇಲಿನ ಬಾಲಕಿಯನ್ನು ನೆನೆಯೋಣ. ಅರಸರ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಅವಳಿಗೆ ಹೆಸರೇ ಇಲ್ಲ. ಸೆರೆಯಾಗಿ ಬಂದವಳು, ಕೊಡಲು ಕೈಯಲ್ಲಿ ಏನೂ ಇಲ್ಲದವಳು. ಸಮಾರಿಯದಲ್ಲಿ ಒಬ್ಬ ಪ್ರವಾದಿಯಿದ್ದಾನೆಂದು ಅವಳು ಹೇಳಿದ ಒಂದು ಮಾತು ಚರ್ಮರೋಗಿಯಾದ ಸೇನಾಪತಿಯ ಬದುಕನ್ನು ಬದಲಿಸಿತು. ಬೆಳ್ಳಿ, ಬಂಗಾರ, ಉಡುಪುಗಳನ್ನು ಹೇರಿಕೊಂಡು ಹೊರಟವನು ನಾಮಾನ. ಪ್ರವಾದಿ ಎಲಿಷ ಅವುಗಳನ್ನು ಮುಟ್ಟಲಿಲ್ಲ. ನಮ್ಮ ಬಸ್ಸು ಆ ಬಾಲಕಿಗಿಂತ ನಾಮಾನನ ರಥವನ್ನೇ ಹೆಚ್ಚು ಹೋಲುತ್ತದೆ.

ಇನ್ನು ಹನ್ನೆರಡನೆಯ ವಯಸ್ಸಿನಲ್ಲಿ ಯಾತ್ರೆ ಹೋದ ಯೇಸು. ಲೂಕನು ಪ್ರಭುವಿನ ಬಾಲ್ಯದಿಂದ ನಮಗೆ ಉಳಿಸಿಕೊಟ್ಟ ಒಂದೇ ಘಟನೆ ಇದು. ದೇವಾಲಯದಲ್ಲಿ ಅವರು ಮಾಡುತ್ತಿದ್ದದ್ದು ಏನು? ಬೋಧಕರ ನಡುವೆ ಕುಳಿತಿದ್ದರು, ಅವರ ಮಾತು ಕೇಳುತ್ತಿದ್ದರು, ಪ್ರಶ್ನಿಸುತ್ತಿದ್ದರು. ನಮ್ಮ ಚಿತ್ರಪಟಗಳಲ್ಲಿ ಬಾಲಯೇಸು ಬೆರಳೆತ್ತಿ ಉಪದೇಶಿಸುತ್ತಿರುತ್ತಾರೆ. ಲೂಕನ ಪಠ್ಯ ಮೊದಲು ಹೇಳುವುದು ಆಲಿಸುವಿಕೆಯನ್ನು. ಕುಳಿತುಕೊಳ್ಳುವುದು, ಆಲಿಸುವುದು, ಕೇಳುವುದು: ಹನ್ನೆರಡರ ಮಗುವಿಗೆ ತಕ್ಕ ಪ್ರೇಷಿತ ಕಾರ್ಯದ ಪೂರ್ಣ ವ್ಯಾಖ್ಯೆ ಇಲ್ಲಿದೆ. ಆ ಯಾತ್ರೆಯಲ್ಲಿ ಮೂರು ದಿನ ಮಗು ಕಳೆದುಹೋಗಿ ಹೆತ್ತವರು ಸಂಕಟಪಟ್ಟರೆಂಬುದನ್ನೂ ಸಂಘಟಕರು ಮರೆಯಬಾರದು. ಹೆತ್ತವರ ಲಿಖಿತ ಒಪ್ಪಿಗೆ, ಎಣಿಕೆ, ಯಾವ ಮಗುವೂ ಒಬ್ಬ ವಯಸ್ಕನೊಂದಿಗೆ ಒಂಟಿಯಾಗದಂತೆ ಏರ್ಪಾಡು, ಇವೆಲ್ಲ ಕಚೇರಿಯ ಕೆಲಸವಲ್ಲ, ಪಾಲನಾಧರ್ಮದ ಭಾಗ.

ಮರುವರ್ಷ ಅದೇ ನಿಲಯಕ್ಕೆ ಏನನ್ನೂ ಒಯ್ಯದೆ ಹೋಗುವ ಪ್ರಯತ್ನ ಮಾಡಿದೆವು. ಮೊದಲು ಅಲ್ಲಿನ ಧರ್ಮಭಗಿನಿಯರನ್ನೂ ಮಕ್ಕಳನ್ನೂ ಯಾವ ದಿನ ಬರಬಹುದೆಂದು ಕೇಳಿದೆವು. ಹಾಡು, ನಾಟಕ ಬೇಡವೆಂದು ಅವರು ಸಂತೋಷದಿಂದಲೇ ಹೇಳಿದರು. ಅಂದು ಅವರು ನಮಗೆ ರಾಗಿಮುದ್ದೆ, ಸೊಪ್ಪಿನ ಸಾರು ಬಡಿಸಿದರು. ನಮ್ಮ ಮಕ್ಕಳಲ್ಲಿ ಅನೇಕರು ಮುದ್ದೆಯನ್ನು ಅಗಿಯಲು ಹೋಗಿ ಒದ್ದಾಡಿದರು. ಆತಿಥೇಯ ಮಕ್ಕಳು ಬಿದ್ದುಬಿದ್ದು ನಕ್ಕು, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ತೋರಿಸಿಕೊಟ್ಟರು. ಆಮೇಲೆ ಲಗೋರಿ. ಹಿಂದಿನ ವರ್ಷ ಹುಟ್ಟುಹಬ್ಬ ಯಾರದೆಂದು ಕೇಳಿದ್ದ ಹುಡುಗ ಈ ಬಾರಿ ತಂಡ ಆರಿಸಿದ, ನಮ್ಮವರನ್ನು ಬೈದ, ಗೆದ್ದ.

ಹಿಂತಿರುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಕೇಳಿದರು: “ಸೇವೆ ಮಾಡೋದಕ್ಕೆ ಅಂತ ಕಳಿಸಿದ್ವಿ ಫಾದರ್. ಆಟ ಆಡಿಸಿಕೊಂಡು, ಅವರದ್ದೇ ಊಟ ಮಾಡಿಸಿಕೊಂಡು ಬಂದ್ರಾ?” ನ್ಯಾಯವಾದ ಪ್ರಶ್ನೆಯೇ. ನಿಲಯದ ಅಕ್ಕಿಯ ಡಬ್ಬಿ ತುಂಬಬೇಕಾದದ್ದೂ ನಿಜ. ಆ ಹೊಣೆ ಧರ್ಮಕೇಂದ್ರದ ವಯಸ್ಕರದು. ಅದನ್ನು ತಿಂಗಳು ತಿಂಗಳೂ ಸದ್ದಿಲ್ಲದೆ, ನಿಲಯದವರು ಕೇಳಿದ ವಸ್ತುಗಳ ಪಟ್ಟಿಯಂತೆ ನೆರವೇರಿಸಬಹುದು. ಮಕ್ಕಳನ್ನು ಆ ಹೊಣೆಯ ಅಲಂಕಾರವಾಗಿ ಬಳಸಬೇಕಿಲ್ಲ. ಮಕ್ಕಳ ಪಾಲಿನ ಸೇವೆ ಬೇರೆ: ಸ್ನೇಹವನ್ನು ಸ್ವೀಕರಿಸುವುದು. ಪಾದ ತೊಳೆಸಿಕೊಳ್ಳಲು ಒಪ್ಪದ ಪೇತ್ರನಿಗೆ ಪ್ರಭು ಹೇಳಿದ್ದು ಇದನ್ನೇ: ಸೇವೆಯನ್ನು ಸ್ವೀಕರಿಸದವನಿಗೆ ತಮ್ಮೊಡನೆ ಪಾಲಿಲ್ಲ.

6. ಕೊರಿಂಥದ ಊಟ

ಇಲ್ಲಿಗೇ ಲೇಖನವನ್ನು ಮುಗಿಸಿದರೆ ಅದೊಂದು ಯಶಸ್ಸಿನ ಕತೆಯಾದೀತು, ಸತ್ಯವಾಗದು. ನಿಲಯದ ಮಕ್ಕಳನ್ನು ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಅತಿಥಿಗಳಾಗಿ ಆಹ್ವಾನಿಸಿದೆವು. ಅವರು ಬಂದರು. ಬಲಿಪೂಜೆಯ ನಂತರ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಕಳಕಳಿಯಿಂದಲೇ ಹೇಳಿದರು: “ಆ ಮಕ್ಕಳಿಗೆ ಮೊದಲೇ ಬೇರೆ ಸಾಲು ಹಾಕಿ ಊಟ ಬಡಿಸಿಬಿಡೋಣ ಫಾದರ್, ಪಾಪ, ದೂರ ಹೋಗಬೇಕು.” ನಾನು ತಲೆಯಾಡಿಸಿದೆ. ಜನಜಂಗುಳಿಯ ನಡುವೆ ಅದು ಅನುಕೂಲವಾಗಿ ಕಂಡಿತು. ನಮ್ಮ ಮಕ್ಕಳು ತಮ್ಮ ಲಗೋರಿಯ ಗೆಳೆಯರನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಆ ಮಕ್ಕಳು ಉಂಡು ಬಸ್ಸಿನಲ್ಲಿ ಕುಳಿತಿದ್ದರು. ಕಿಟಕಿಯಾಚೆಯಿಂದ ಕೈ ಬೀಸಿದರು.

ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಗುರುಮಠದಲ್ಲಿ ನಾನು ಅನೇಕ ವರ್ಷ ಬೋಧಿಸಿದ್ದೇನೆ. ಪರಮಪ್ರಸಾದ ಸ್ಥಾಪನೆಯ ವೃತ್ತಾಂತವನ್ನು ಪೌಲ ಅಲ್ಲಿ ನೆನಪಿಸುವುದು ಒಂದು ಊಟದ ಜಗಳದ ನಡುವೆ: ಒಂದೇ ಸಭೆಯಲ್ಲಿ ಕೆಲವರು ಮೊದಲೇ ಉಂಡು ತಣಿದಿದ್ದಾರೆ, ಕೆಲವರು ಹಸಿದಿದ್ದಾರೆ, ಏನೂ ಇಲ್ಲದವರು ಅವಮಾನಕ್ಕೊಳಗಾಗಿದ್ದಾರೆ. ಆ ಊಟ ಪ್ರಭುವಿನ ಭೋಜನವೇ ಅಲ್ಲವೆಂದು ಪೌಲ ತೀರ್ಪು ನೀಡುತ್ತಾನೆ. ನಮ್ಮಲ್ಲಿ ಬಡವರು ಮೊದಲು ಉಂಡರೆಂಬುದು ವ್ಯತ್ಯಾಸವೇ ಅಲ್ಲ. ಬೇರೆ ಸಾಲು ಬೇರೆ ಸಾಲೇ. ನಮ್ಮ ನಾಡಿನಲ್ಲಿ ಬೇರೆ ಸಾಲಿನ ಚರಿತ್ರೆ ಏನೆಂಬುದನ್ನು ವಿವರಿಸಬೇಕಿಲ್ಲ. ದಲಿತ ಕ್ರೈಸ್ತರ ನೋವನ್ನು ಬಲ್ಲ ಯಾವ ಗುರುವೂ ಆ ಮಾತಿಗೆ ತಲೆಯಾಡಿಸಬಾರದಿತ್ತು.

ಆದ್ದರಿಂದ ಸೇವಾಯಾತ್ರೆಯ ನಿಜವಾದ ಪರೀಕ್ಷೆ ಹೋಗುವ ಬಸ್ಸಿನಲ್ಲಿಲ್ಲ, ಬರುವ ಬಸ್ಸಿನಲ್ಲಿದೆ. ಮನೆಗೆಲಸದವರ ಮಗಳು, ಸ್ಮಶಾನದ ಕಾವಲುಗಾರರ ಮಗ ಜ್ಞಾನೋಪದೇಶದ ತರಗತಿಯಲ್ಲಿ ಯಾವ ಬೆಂಚಿನಲ್ಲಿ ಕೂರುತ್ತಾರೆ? ಅವರು ಸೇವಾಯಾತ್ರೆಗೆ ಬರುತ್ತಾರೆಯೇ, ಅಥವಾ ಬಸ್ಸಿನ ವಂತಿಗೆ ಅವರನ್ನು ಮನೆಯಲ್ಲೇ ಉಳಿಸುತ್ತದೆಯೇ? ನಾವು ಭೇಟಿ ಕೊಟ್ಟವರು ನಮ್ಮ ಮನೆಗೆ ಬಂದರೆ ಎಲ್ಲಿ ಕೂರಿಸುತ್ತೇವೆ? ಮುಂದಿನ ತಪಸ್ಸುಕಾಲಕ್ಕೆ ಬಸ್ಸು ಗೊತ್ತುಮಾಡುವ ಮುನ್ನ ನಮ್ಮ ಗುರು ಅಭ್ಯರ್ಥಿಗಳು ಈ ಪ್ರಶ್ನೆಗಳನ್ನು ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿಡಲಿ. ಉತ್ತರ ಸಿಗುವವರೆಗೆ ಯಾತ್ರೆಯನ್ನು ಮುಂದೂಡಿದರೆ ಬಡವರಿಗೆ ನಷ್ಟವೇನೂ ಆಗದು.

ಆ ಹುಡುಗಿಯ ಪುಸ್ತಕದಲ್ಲಿ ಅಂದು ನಾನು ಏನನ್ನೂ ತಿದ್ದಲಿಲ್ಲ. ಕೆಳಗೆ ಒಂದು ಪ್ರಶ್ನೆ ಮಾತ್ರ ಬರೆದೆ: “ಅಲ್ಲಿನ ಮಕ್ಕಳೂ ದಿನಾ ಪ್ರಾರ್ಥನೆ ಮಾಡುತ್ತಾರೆ. ನೀನು ಅವರನ್ನು ಕೇಳಿದೆಯಾ, ಅವರು ದೇವರಲ್ಲಿ ಏನು ಬೇಡುತ್ತಾರೆಂದು?” ಮರುವರ್ಷ ಮುದ್ದೆಯ ಊಟದ ನಂತರ ಅವಳು ಒಬ್ಬಳ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಏನನ್ನೋ ಕೇಳುತ್ತಿದ್ದುದನ್ನು ಕಂಡೆ. ಏನು ಉತ್ತರ ಸಿಕ್ಕಿತೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.